ಕ್ಯೂರಿಯೋ ಚೀಟಿ ಕಟ್ಟಿದ ದೊಣ್ಣೆ

ನಮ್ಮ ಹಳೇ ಸಾಮಾನಿನ ಅಂಗಡಿಯ ಬೋರ್ಡಿನ ಮೇಲೆ ಇರುವುದು ಒಂದೇ ಪದ: ಕ್ಯೂರಿಯೋ. ಅದನ್ನು ಬರೆಸಿದ್ದು ನಮ್ಮಪ್ಪನಲ್ಲ. ಯಾವುದೋ ಮುಚ್ಚಿಹೋದ ಅಂಗಡಿಯ ಸಾಮಾನನ್ನೆಲ್ಲ ಒಟ್ಟಿಗೆ ಕೊಂಡಾಗ ಕುಂಟು ಮೇಜು, ನಿಂತ ಗಡಿಯಾರಗಳ ಜೊತೆ ಆ ಬೋರ್ಡೂ ಬಂತು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಣ್ಣ ಚೆನ್ನಾಗಿದೆ ಅಂತ ತಗಲಿಹಾಕಿದರು. ಆಮೇಲೆ ಬಂದವರೆಲ್ಲ ಹಾಗಂದರೇನು, ಹಾಗಂದರೇನು ಅಂತ ಪ್ರಾಣ ತಿನ್ನತೊಡಗಿದಾಗ ತಾವೇ ಒಂದು ಅರ್ಥ ಮಾಡಿಕೊಂಡರು. "ಯಾತಕ್ಕೆ ಮಾಡಿದ್ರೋ ಗೊತ್ತಾಗದೇ ಇರೋ ವಸ್ತು. ಅದೇ ಕ್ಯೂರಿಯೋ" ಅನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು.

ಅರ್ಥದ ಹಿಂದೆಯೇ ಒಂದು ನಿಯಮವೂ ಹುಟ್ಟಿತು. ಗೋಡೆಗೆ ಒಂದು ಗಾಜಿನ ಬೀರು ನಿಲ್ಲಿಸಿ, ತಲೆಬುಡ ತಿಳಿಯದ ವಸ್ತುಗಳಿಗೆಲ್ಲ ಕ್ಯೂರಿಯೋ ಅಂತ ಚೀಟಿ ಕಟ್ಟಿ ಅದರೊಳಗೆ ಇಡುವುದು. ಇದು ಇಂಥದ್ದಕ್ಕೆ ಅಂತ ಯಾರಾದರೂ ಹೇಳಿದರೆ ಚೀಟಿ ಕತ್ತರಿಸಿ ಮಾಮೂಲಿ ಸಾಮಾನಿನ ಜೊತೆ ಸೇರಿಸುವುದು. ಹೇಳಿದವರಿಗೆ ಅಂಗಡಿಯಿಂದ ಟೀ. ಆದರೆ ಬರೀ ಬಾಯಲ್ಲಿ ಹೇಳಿದರೆ ನಡೆಯುತ್ತಿರಲಿಲ್ಲ. "ಬಾಯಿ ಎಲ್ಲಾರಿಗೂ ಇದೆ ಕಣಪ್ಪಾ, ಮಾಡಿ ತೋರಿಸು" ಅನ್ನುತ್ತಿದ್ದರು ಅಪ್ಪ.

ಮಾಡಿ ತೋರಿಸುವುದು ಅಂದರೆ ಏನು ಅಂತ ನಾನು ಹತ್ತನೇ ವಯಸ್ಸಿನಲ್ಲೇ ಕಂಡೆ. ಬೀರುವಿನಲ್ಲಿ ಒಂದು ಸಣ್ಣ ಹಿತ್ತಾಳೆ ಪೆಟ್ಟಿಗೆ ಇತ್ತು. ಮೇಲೊಂದು ಹಿಡಿ, ಪಕ್ಕದಲ್ಲಿ ಗುಂಡಿ, ತಳದಲ್ಲಿ ಸಾಲಾಗಿ ಸೀಳುಗಳು. ಆಸ್ಪತ್ರೆಯ ಮುದಿ ಕಾಂಪೌಂಡರ್ ಒಬ್ಬ ಬಂದು, "ಇದು ಹಿಂದಿನ ಕಾಲದಲ್ಲಿ ಕೆಟ್ಟ ರಕ್ತ ತೆಗೆಯೋದು" ಅಂದ. ಅಪ್ಪ "ತೋರಿಸು" ಅಂದರು. ಅವನೂ ಹಠಮಾರಿ. ಅಂಗಿಯ ತೋಳು ಮೇಲೇರಿಸಿ, ಪೆಟ್ಟಿಗೆಯನ್ನು ಮೊಣಕೈ ಕೆಳಗೆ ಇಟ್ಟು ಗುಂಡಿ ಅದುಮಿಯೇಬಿಟ್ಟ. ಟಕ್ ಅಂತ ಹನ್ನೆರಡು ಬ್ಲೇಡು ಒಟ್ಟಿಗೆ ಹೊರಬಂದು ಮಾಂಸ ಸೀಳಿದವು. ರಕ್ತ ಕೌಂಟರಿನ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ನಾನು ವಾಂತಿ ಮಾಡಿಕೊಂಡೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಹತ್ತಿರ ಬಂದು, ಬಗ್ಗಿ, ಗಾಯದ ಗೆರೆಗಳನ್ನು ಎಣಿಸಿ, "ಹನ್ನೆರಡು. ಅಪ್ಪಾ, ಚೀಟಿ ಕತ್ತರಿಸ್ಲಾ?" ಅಂದಳು.

ಈ ಬರಹ ಅವಳ ಬಗ್ಗೆ. ಹೆಸರು ಯಾಕೆ, ಅಪ್ಪ ಅವಳನ್ನು ಕರೆಯುತ್ತಿದ್ದುದೇ ಸುತ್ತಿಗೆ ಅಂತ. ಕೈ ಹಾಗಿತ್ತು. ಸ್ಕೂಲಿನಲ್ಲಿ ನನ್ನ ಟೋಪಿ ಕಿತ್ತುಕೊಂಡವನ ಮೂಗಿನಿಂದ ರಕ್ತ ಬರಿಸಿ, ಅವನ ಮನೆಗೇ ಹೋಗಿ ಅವನ ತಾಯಿಗೂ ಎರಡು ಮಾತು ಹೇಳಿ ಬಂದವಳು. ಅವಳಿಗೆ ಹದಿನೇಳು ಇದ್ದಾಗ, ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬ ಕಳ್ಳ ಚಾಕು ಹಿಡಿದು ಅಂಗಡಿಗೆ ನುಗ್ಗಿದ. ನಾನು ಬಟ್ಟೆ ಬೀರುವಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡೆ. ಅಕ್ಕ ಹಿತ್ತಾಳೆಯ ಮೇಣದಬತ್ತಿ ಕಂಬ ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದಳು. ಚಾಕು ಬಿತ್ತು. ಬಿದ್ದ ಮೇಲೂ ಬಿಡಲಿಲ್ಲ, ಮೊಣಕಾಲಿಗೊಂದು ಕೊಟ್ಟಳು. ಅವನು ತೆವಳಿಕೊಂಡು ಹೊರಟುಹೋದ ಮೇಲೆ ಬೀರುವಿನ ಬಾಗಿಲು ತಟ್ಟಿ, "ಬಾರೋ ಶೂರ, ಯುದ್ಧ ಮುಗೀತು" ಅಂದಳು.

ಇಂಥವಳಿಗೆ ಯಾರು ಸಿಕ್ಕಾರು ಅಂತ ಅಪ್ಪ ತಲೆ ಕೆಡಿಸಿಕೊಂಡಿದ್ದಾಗ ಭಾವ ಬಂದ. ಎರಡು ಗಂಟೆ ಬಸ್ಸಿನ ದಾರಿಯ ಊರು, ಕುದುರೆಗಳಿಗೆ ಲಾಳ ಹೊಡೆಯುವ ಕಸುಬು. ಅಂಗಡಿಗೆ ಹಳೇ ಗಡಿಯಾರ ಕೊಳ್ಳಲು ಬಂದವನು, ನಾಲ್ಕು ಜನಕ್ಕೆ ಜಗ್ಗದ ಕಬ್ಬಿಣದ ತಿಜೋರಿಯನ್ನು ಒಬ್ಬನೇ ಜರುಗಿಸಿ ನಕ್ಕ. ಅಕ್ಕ ಅವನ ತೋಳನ್ನೇ ನೋಡುತ್ತಿದ್ದಳು. ತಾನಾಗೇ ಇಷ್ಟಪಟ್ಟಳು, ಮದುವೆಯಾದಳು, ಹೋದಳು. ತನಗಿಂತ ಗಟ್ಟಿಯಾದವನು ಸಿಕ್ಕಿದ ಅಂತ ಆಗ ಅವಳಿಗೆ ಖುಷಿಯೇ ಇತ್ತು.

ವರ್ಷ ತುಂಬುವುದರೊಳಗೆ ಮೊದಲ ಸಲ ವಾಪಸ್ ಬಂದಳು. ಕೆಳದುಟಿ ಸೀಳಿತ್ತು, ಒಂದು ಹಲ್ಲು ಇರಲಿಲ್ಲ. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದರು. ನಾನು ಮನೆಯ ಗಂಡಸು ಅಂತ ಎದೆ ಸೆಟೆಸಿಕೊಂಡು ಅವಳನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಭಾವ ಕುರ್ಚಿ ಹಾಕಿದ, ಟೀ ಕೊಟ್ಟ, "ಗಂಡ ಹೆಂಡ್ತಿ ಅಂದ್ಮೇಲೆ ಮಾತು ಬರುತ್ತೆ ಹೋಗುತ್ತೆ ಕಣಪ್ಪಾ" ಅಂದ. ನಾನು ದೊಡ್ಡ ಮನುಷ್ಯನ ಹಾಗೆ ಹೂಂಗುಟ್ಟಿ ಬಂದೆ. ಬರುವಾಗ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಲಿಲ್ಲ.

ಎರಡನೇ ಸಲ ಬಂದಾಗ ಅಪ್ಪ ಹೋಗಿ ಆರು ತಿಂಗಳಾಗಿತ್ತು. ಈ ಸಲ ಕಿವಿಯ ಹಿಂದೆ ಒಂದು ಹಿಡಿ ಕೂದಲು ಬುಡಸಮೇತ ಕಿತ್ತುಹೋಗಿತ್ತು. ಜನ ಏನಂತಾರೆ ಅನ್ನುವ ಭೂತ ನನ್ನ ಹೆಗಲ ಮೇಲೆ ಕೂತಿತ್ತು. ಮಾರನೆಯ ಬೆಳಿಗ್ಗೆಯೇ, ಮಳೆ ಸುರಿಯುತ್ತಿದ್ದರೂ, ಛತ್ರಿ ಹಿಡಿದು ಮತ್ತೆ ಬಿಟ್ಟು ಬಂದೆ. ಬೆಪ್ಪು ಮುಂಡೇದು ನಾನು. ಬೇರೆ ಮಾತಿಲ್ಲ.

ಮೂರನೇ ಸಲ ಅವಳು ಬಂದಾಗ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಹೊರಕ್ಕೆ ಸೊಟ್ಟಗೆ ತಿರುಗಿ ಹಾಗೇ ಕೂಡಿಕೊಂಡಿದ್ದವು. "ಕುದುರೆ ತುಳೀತು" ಅಂದಳು. ನಾನು "ಓಹೋ" ಅಂದೆ. ಅಷ್ಟೇ ಅಂದೆ. ಭಾವ ಹುಡುಕಿಕೊಂಡು ಬರಲಿಲ್ಲ, ನನಗೂ ಅಂಗಡಿಯಲ್ಲಿ ಧೂಳು ಹೊಡೆಯುವವರು ಬೇಕಿತ್ತು, ಇಟ್ಟುಕೊಂಡೆ. ಬಂದ ಸಾಮಾನನ್ನು ತೊಳೆದು, ಎಣ್ಣೆ ಹಚ್ಚಿ, ಚೀಟಿ ಕಟ್ಟುವುದು ಅವಳ ಕೆಲಸ. ಬಲಗೈ ಹಿಡಿತ ಸಾಲದೆ ಒಮ್ಮೆ ಪಿಂಗಾಣಿ ಹೂಜಿ ಕೈಜಾರಿ ಚೂರಾದಾಗ, ಗಿರಾಕಿಗಳ ಮುಂದೆಯೇ "ಕೈಯಲ್ಲಿ ಜೀವ ಇಲ್ವಾ ನಿಂಗೆ?" ಅಂತ ಕೂಗಾಡಿದೆ. ಸುತ್ತಿಗೆ ಅಂತ ಹೆಸರಿದ್ದವಳು ತಲೆತಗ್ಗಿಸಿ ಚೂರು ಆರಿಸಿದಳು. ಅಂದಿನಿಂದ ಎಡಗೈಯಲ್ಲೇ ಕೆಲಸ ಮಾಡುವುದನ್ನು ಕಲಿತಳು.

ಹೀಗೆ ಮೂರು ವರ್ಷ ಕಳೆಯಿತು. ನನ್ನ ಕಸುಬೇ ಕೇಳುವುದು. ಯಾವ ಸಾಮಾನು ಬಂದರೂ ಬಿಡುವುದಿಲ್ಲ: ಯಾರ ಮನೆಯದು, ಯಾರು ಬಳಸಿದರು, ಈ ನೆಗ್ಗು ಹೇಗೆ ಬಿತ್ತು, ಈ ಕಾಲು ಯಾವಾಗ ಮುರಿಯಿತು. ದಿನಾ ಕಿಟಕಿಯ ಪಕ್ಕ ಕೂತು ನಮ್ಮ ಪೇಪರನ್ನೇ ಓದಿ ಹೋಗುವ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಅವರು ಒಂದು ದಿನ ಬೋರ್ಡಿನ ಪದದ ಅರ್ಥ ಬಿಡಿಸಿದರು. "ಅದು ಕ್ಯೂರಿಯಾಸಿಟಿ ಅನ್ನೋದರ ಬಾಲ ಕತ್ತರಿಸಿದ್ದು ಕಣಯ್ಯ. ನೋಡಿದ್ರೆ ಕುತೂಹಲ ಹುಟ್ಟಬೇಕು, ಇದೇನು ಅಂತ ಕೇಳೋ ಹಾಗಾಗಬೇಕು. ಅದರ ಬೇರು ಹಿಡಿದು ಲ್ಯಾಟಿನ್ನಿಗೆ ಹೋದ್ರೆ ಅಲ್ಲಿ ಸಿಗೋದು ಕಾಳಜಿ ಅನ್ನೋ ಅರ್ಥ."

"ನೋಡಿದ್ರಾ ಮೇಷ್ಟ್ರೇ, ಹಾಗಾದ್ರೆ ನನ್ನಂಥ ಕಾಳಜಿ ಇರೋನು ಇನ್ನೊಬ್ಬನಿಲ್ಲ" ಅಂತ ನಾನು ಹಲ್ಲು ಕಿರಿದೆ. ಅಕ್ಕ ಆಚೆ ಮೂಲೆಯಲ್ಲಿ ಬೀಗಗಳಿಗೆ ಎಣ್ಣೆ ಬಿಡುತ್ತಿದ್ದಳು.

ಆಮೇಲೆ ಒಂದು ದಿನ ಗುಜರಿಯವನು ಗೋಣಿಚೀಲ ತಂದು ಸುರಿದ. ಕಬ್ಬಿಣವನ್ನೆಲ್ಲ ಬೇರೆಡೆ ಹಾಕಿ ಬಂದಿದ್ದ, ಉಳಿದದ್ದು ಹರಿದ ಚರ್ಮದ ಪಟ್ಟಿ, ಮರದ ಹಿಡಿ, ಹಗ್ಗ. ಅದರಲ್ಲಿ ಒಂದು ದೊಣ್ಣೆ ನನ್ನ ಕಣ್ಣಿಗೆ ಬಿತ್ತು. ಒಂದು ಮೊಳ ಉದ್ದ, ಕೈ ಆಡಿ ಆಡಿ ನುಣುಪಾಗಿದೆ. ಒಂದು ತುದಿಯಲ್ಲಿ ತೂತು, ತೂತಿನೊಳಗಿಂದ ಕೆಂಪು ಹಗ್ಗದ ಒಂದು ಕುಣಿಕೆ. ಎಲ್ಲಿಯದು ಅಂದರೆ ಗುಜರಿಯವನಿಗೂ ನೆನಪಿಲ್ಲ. ನನಗೋ ಎಲ್ಲಿಲ್ಲದ ಸಂಭ್ರಮ. ಅಕ್ಕನ ಕೈಗೆ ಕೊಟ್ಟು, "ಒರೆಸಿ ಚೀಟಿ ಕಟ್ಟಕ್ಕ, ಬೀರುವಿಗೆ" ಅಂದೆ. ಅವಳು ಕುಣಿಕೆ ಕೈಗೆ ತಗಲದ ಹಾಗೆ ಅದನ್ನು ಇನ್ನೊಂದು ತುದಿಯಲ್ಲಿ ಹಿಡಿದುಕೊಂಡಳು. ಆಮೇಲೆ ಒರೆಸಿ, ಎಣ್ಣೆ ಹಚ್ಚಿ, ಚೀಟಿ ಕಟ್ಟಿ, ಬೀರುವಿನಲ್ಲಿಟ್ಟು ಗಾಜಿನ ಬಾಗಿಲು ಹಾಕಿದಳು.

ಹತ್ತು ದಿನ ಅದರದ್ದೇ ಮಾತು. ಒದ್ದೆ ಬಟ್ಟೆ ಹಿಂಡುವುದಕ್ಕೆ ಅಂದರು ಮೇಷ್ಟ್ರು. ಟವೆಲ್ ನೆನೆಸಿ ತಂದು ತಿರುಗಿಸಿ ನೋಡಿದರೆ ಎರಡು ಹನಿ ಬಿತ್ತು. ನಾಯಿ ಹಿಡಿಯುವುದಕ್ಕೆ ಅಂದೆ ನಾನು. ಇಷ್ಟು ಗಿಡ್ಡ ಕೋಲಿನಲ್ಲಿ ನಾಯಿ ಹಿಡಿದರೆ ಮೊದಲು ಕೈ ಹೋಗುತ್ತದೆ ಅಂತ ಎಲ್ಲರೂ ನನ್ನನ್ನು ಗೇಲಿ ಮಾಡಿದರು. ಯಾವನೋ ಒಬ್ಬ ಗಿರಾಕಿ, "ಹೆಂಡ್ತಿ ಬಾಯಿ ಮುಚ್ಚಿಸೋಕೆ ಇರ್ಬೇಕು ಬಿಡಿ" ಅಂದ. ಅಂಗಡಿಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಅಕ್ಕ, ನೀನೂ ಒಂದು ಊಹೆ ಹೇಳು" ಅಂದೆ. "ನಂಗೇನು ಗೊತ್ತು" ಅಂತ ಬ್ರಷ್ ತೊಳೆಯಲು ಒಳಗೆ ಹೋದಳು.

ಹನ್ನೊಂದನೇ ದಿನ, ಶನಿವಾರ ಮಧ್ಯಾಹ್ನ, ಭಾವ ಬಂದ. ಕ್ರಾಪು ಬಾಚಿಕೊಂಡಿದ್ದ, ಇಸ್ತ್ರಿ ಅಂಗಿ ಹಾಕಿದ್ದ. ಮೇಷ್ಟ್ರು ಕಿಟಕಿಯ ಪಕ್ಕ ಪೇಪರ್ ಹಿಡಿದಿದ್ದರು. ಅಕ್ಕ ಕೌಂಟರಿನ ಹಿಂದಿನ ಸ್ಟೂಲಿನಿಂದ ಏಳಲಿಲ್ಲ.

"ಏನಪ್ಪಾ, ಚೆನ್ನಾಗಿದೀಯಾ?"

"ಬನ್ನಿ ಭಾವ, ಕೂತ್ಕೊಳ್ಳಿ."

"ಕುದುರೆ ಕೆಲ್ಸ ಬಿಟ್ಟೆ ಮಾರಾಯ. ಈಗ ಕುದುರೆ ಎಲ್ಲಿವೆ? ಸಾಮಾನೆಲ್ಲ ಗುಜರಿಗೆ ಹಾಕ್ದೆ. ವ್ಯಾನ್ ಓಡಿಸ್ತೀನಿ. ನಾನೀಗ ಮೊದಲಿನ ಹಾಗಿಲ್ಲ, ಕುಡಿಯೋದೂ ಇಲ್ಲ. ಮನೆ ಬಿಕೋ ಅಂತಿದೆ. ಐದೂವರೆ ಬಸ್ಸಿಗೆ ಇವಳನ್ನ ಕಳಿಸ್ಕೊಡು."

ಇಲ್ಲಿ ಒಂದು ವಿಷಯ ಮುಚ್ಚಿಟ್ಟರೆ ನಾನು ಮನುಷ್ಯನೇ ಅಲ್ಲ. ನನಗೆ ಖುಷಿಯಾಯಿತು. ಗಂಡನ ಮನೆ ಬಿಟ್ಟ ಅಕ್ಕ ಅನ್ನುವ ಮಾತು ಇನ್ನು ಯಾರ ಬಾಯಲ್ಲೂ ಬರುವುದಿಲ್ಲ, ತಲೆಭಾರ ಇಳಿಯಿತು ಅನ್ನಿಸಿತು. ಭಾವನ ಕೈಗೆ ಟೀ ಕೊಟ್ಟು ಅಕ್ಕನ ಕಡೆ ತಿರುಗಿ, "ಹೋಗಿ ಬಾ ಅಕ್ಕ. ಇಷ್ಟು ದೂರ ಬಂದು ಕೇಳ್ತಿದ್ದಾರೆ. ಇನ್ನೊಂದ್ಸಲ ನೋಡು" ಅಂದೆ.

ಅಕ್ಕ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. "ಆಯ್ತು. ಅದಕ್ಕೆ ಮುಂಚೆ ಅಪ್ಪನ ನಿಯಮದ್ದೊಂದು ಕೆಲ್ಸ ಬಾಕಿ ಇದೆ" ಅಂದು ಎದ್ದು, ಬೀರುವಿನ ಬಾಗಿಲು ತೆಗೆದು ಆ ದೊಣ್ಣೆ ಹೊರಗೆ ತಂದಳು. ತುಟಿಗೆ ಹೋಗುತ್ತಿದ್ದ ಭಾವನ ಲೋಟ ಅಲ್ಲೇ ನಿಂತಿತು. ಮೇಷ್ಟ್ರು ಪೇಪರ್ ಮಡಚಿದರು.

"ಇದು ಯಾತಕ್ಕೆ ಅಂತ ನಂಗೆ ಗೊತ್ತು. ಮಾಡಿ ತೋರಿಸ್ತೀನಿ. ಕೈ ಕೊಡೋ" ಅಂತ ನನ್ನ ಕಡೆ ತಿರುಗಿದಳು.

"ಯಾವ ಕೈ?"

"ಬಲಗೈ. ತಿರುಗಿ ಹೊಡೆಯೋ ಕೈಗೇ ಮೊದಲು ಹಾಕೋದು."

ನಾನು ದಡ್ಡನ ಹಾಗೆ ನಗುತ್ತ ಕೈ ಕೊಟ್ಟೆ. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಸೇರಿಸಿ ಕುಣಿಕೆ ತೊಡಿಸಿ ಎಡಗೈಯಲ್ಲಿ ದೊಣ್ಣೆ ಒಂದು ಸುತ್ತು ತಿರುಗಿಸಿದಳು. ಹಗ್ಗ ಬಿಗಿಯಿತು. "ಲಾಳ ಹೊಡೀವಾಗ ಕುದುರೆ ಮೇಲ್ದುಟಿಗೆ ಹಾಕಿ ಹೀಗೆ ತಿರುಗಿಸ್ತಾರೆ. ಎಂಥ ಪೊಗರಿನ ಕುದುರೇನೂ ಅಲ್ಲಾಡದೆ ನಿಲ್ಲುತ್ತೆ."

"ಓಹೋ, ಕುದುರೆ ಮೂತಿಗಾ! ಮೇಷ್ಟ್ರೇ, ಕೇಳಿದ್ರಾ?"

ಎರಡನೇ ಸುತ್ತು ತಿರುಗಿಸಿದಳು. ಉಗುರು ನೀಲಿಯಾದವು. ಹಗ್ಗ ಚರ್ಮ ಕತ್ತರಿಸಿಕೊಂಡು ಒಳಗಿಳಿಯಿತು, ಬೆರಳಿನ ಮೂಳೆ ಒಂದಕ್ಕೊಂದು ಒತ್ತಿ ಉಜ್ಜಿದವು. ನನ್ನ ನಗೆ ನಿಂತುಹೋಯಿತು. "ಸಾಕಕ್ಕ, ಸಾಕು" ಅಂದೆ.

"ಇದು ಲಾಯದಲ್ಲಿರ್ತಿರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿತ್ತು. ಕುದುರೆ ಅಡುಗೆಮನೆಗೆ ಬರುತ್ತೇನೋ?"

ಭಾವ ಲೋಟ ಹಿಡಿದೇ ಕುರ್ಚಿಯ ಅಂಚಿಗೆ ಸರಿದ.

"ನೀನು ಎರಡನೇ ಸಲ ಬಿಡೋಕೆ ಬಂದೆಯಲ್ಲ, ಮಳೇಲಿ? ಒದ್ದೆ ಛತ್ರಿ ನೇತುಹಾಕೋಕೆ ನೀನೇ ಜಾಗ ಹುಡುಕ್ದೆ. ಇದೇ ಮೊಳೆ. ಇದರ ಮೇಲೇ ಹಾಕ್ದೆ. ಟೀ ಕುಡಿದು ಛತ್ರಿ ತಗೊಂಡು ಹೋದೆ. ನಿನ್ನ ಬಸ್ಸು ಊರು ದಾಟೋದ್ರೊಳಗೆ ಅವನು ಇದನ್ನ ತೆಗೆದ."

ನನಗೆ ಆ ಮೊಳೆ ಕಣ್ಣಿಗೆ ಕಟ್ಟಿತು. ಕೆಂಪು ಹಗ್ಗವೂ ಕಣ್ಣಿಗೆ ಕಟ್ಟಿತು. "ಬಿಡಕ್ಕಾ!" ಅಂತ ಕೂಗಿಕೊಂಡೆ.

"ನಾನೂ ಹಾಗೇ ಅಂದೆ ಕಣೋ. ಬಿಡಿ ಅಂದೆ, ಕಾಲು ಹಿಡ್ಕೊಂಡೆ. ಇಲ್ಲಿಂದ ಇನ್ನೂ ಅರ್ಧ ಸುತ್ತು ಇದೆ." ಅಷ್ಟಕ್ಕೇ ನಿಲ್ಲಿಸಿದಳು. ದೊಣ್ಣೆಯನ್ನು ಹಿಂದಕ್ಕೆ ಬಿಡಿಸಲು ಹೊರಟಳು.

ಅಷ್ಟರಲ್ಲಿ ಭಾವ ಎದ್ದು ನುಗ್ಗಿದ. ಲೋಟ ನೆಲಕ್ಕೆ ಬಿದ್ದು ಒಡೆಯಿತು. "ಲೇ, ಕೆಳಗಿಡೇ ಅದನ್ನ! ಮಾನ ಮರ್ಯಾದೆ ಇಲ್ವಾ?" ಅಂತ ದೊಣ್ಣೆಗೆ ಕೈ ಹಾಕಿದ. ಅವನು ಹಿಡಿದ ರೀತಿ ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಬ್ಬೆರಳು ತಾನಾಗೇ ಹೋಗಿ ನುಣುಪಾದ ಜಾಗದಲ್ಲಿ ಕೂತಿತು. ಕಿತ್ತುಕೊಳ್ಳುವವನು ಎಳೆಯಬೇಕಲ್ಲ? ಅವನ ಮಣಿಕಟ್ಟು ಎಳೆಯಲಿಲ್ಲ, ತಿರುಗಿತು. ಅರ್ಧ ಸುತ್ತು. ನನ್ನ ಎರಡೂ ಬೆರಳು ಲಟಕ್ ಅಂದವು, ಆ ಸದ್ದು ಮೇಷ್ಟ್ರಿಗೂ ಕೇಳಿಸಿತು.

ನೋವು ಭುಜದವರೆಗೆ ಹತ್ತಿ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲೇ ಬಟ್ಟೆ ಬೀರು ಇತ್ತು, ಅದೇ ಹಳೇ ಬೀರು. ಈ ಸಲ ನಾನು ಅದರೊಳಗೆ ಹೋಗಲಿಲ್ಲ. ಕೈ ಇನ್ನೂ ಕುಣಿಕೆಯಲ್ಲೇ ಸಿಕ್ಕಿದ್ದಾಗ ತಲೆ ತಗ್ಗಿಸಿ ಅವನ ಮೂತಿಗೆ ಗುದ್ದಿದೆ. ಮೂಗು ಒಡೆದು ಬಿಸಿ ರಕ್ತ ನನ್ನ ಹಣೆಗೆ ಎರಚಿತು. ಅವನು ದೊಣ್ಣೆ ಬಿಟ್ಟು ನನ್ನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. ಎರಡು ಸಲ. ಮೂರನೇ ಸಲಕ್ಕೆ ಎತ್ತುವಷ್ಟರಲ್ಲಿ ಅಕ್ಕ ಹಿತ್ತಾಳೆಯ ಮೇಣದಬತ್ತಿ ಕಂಬವನ್ನು ಎಡಗೈಯಲ್ಲೇ ಬೀಸಿದಳು. ಅದು ಅವನ ಕತ್ತು ಹೆಗಲು ಸೇರುವ ಎಲುಬಿಗೆ ಬಿತ್ತು. ಅವನು ತೂರಾಡಿ ಹಿಂದಕ್ಕೆ ಹೋಗಿ, ಬೆನ್ನಡಿಯಾಗಿ ಗಾಜಿನ ಬೀರುವಿನ ಮೇಲೆ ಬಿದ್ದ. ಅಪ್ಪ ನಲವತ್ತು ವರ್ಷ ಒರೆಸಿದ ಗಾಜು ಪೂರ್ತಿ ಉದುರಿತು. ಕ್ಯೂರಿಯೋ ಚೀಟಿಗಳೆಲ್ಲ ಅವನ ಸುತ್ತ ರಕ್ತದಲ್ಲಿ ಒದ್ದೆಯಾದವು.

"ಅಯ್ಯೋ, ನನ್ನ ತೋಳು" ಅಂತ ಅವನು ನರಳಿದ. ಅಕ್ಕ ಇನ್ನೊಂದು ಏಟಿಗೆ ಕಂಬ ಎತ್ತಿದ್ದಳು. ಹೊಡೆಯಬಹುದಿತ್ತು, ನಾನಂತೂ ತಡೆಯುತ್ತಿರಲಿಲ್ಲ. ಅವಳೇ ಇಳಿಸಿದಳು. "ಎದ್ದು ನಡಿ" ಅಂದಳು. "ಇನ್ನೊಂದು ಸಲ ಈ ಬಾಗಿಲಿಗೆ ಬಂದ್ರೆ ನಾನು ಇದನ್ನ ಇಳಿಸಲ್ಲ."

ಮೇಷ್ಟ್ರು, ಪಾಪ, ಅಷ್ಟು ವಯಸ್ಸಾದವರು, ಎದ್ದು ಹೋಗಿ ಬಾಗಿಲು ತೆರೆದು ಹಿಡಿದರು. "ಹೊರಗೆ" ಅಂದರು, ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ. ಅವನು ಜೋತುಬಿದ್ದ ತೋಳು ಹಿಡಿದುಕೊಂಡು ಹೋದ. ಆಸ್ಪತ್ರೆಗೂ, ಅಲ್ಲಿಂದ ಪೊಲೀಸ್ ಠಾಣೆಗೂ ಮೇಷ್ಟ್ರು ನಮ್ಮ ಜೊತೆಯೇ ಬಂದು, ಕಂಡದ್ದನ್ನು ಕಂಡ ಹಾಗೆ ಬರೆಸಿ ಸಹಿ ಹಾಕಿದರು. ಐದೂವರೆ ಬಸ್ಸು ಹೊರಟಾಗ ಅಕ್ಕ ಠಾಣೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು.

ಸೋಮವಾರ ಇಬ್ಬರೂ ಸೇರಿ ಗಾಜು ಗುಡಿಸಿದೆವು. ದೊಣ್ಣೆ ಠಾಣೆಯಲ್ಲಿತ್ತು, ಅದರ ಚೀಟಿ ಮಾತ್ರ ನೆಲದ ಮೇಲೆ ಸಿಕ್ಕಿತು. ಅಕ್ಕ ಅದನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ನನ್ನ ಬೆರಳು ನೆಟ್ಟಗಾಗಲಿಲ್ಲ. ಅದೇ ಎರಡು ಬೆರಳು, ಅದೇ ಕಡೆಗೆ ಸೊಟ್ಟ. ಪಟ್ಟಿ ಬಿಚ್ಚಿದ ದಿನದಿಂದ ಕೇಳದವರಿಲ್ಲ. ಬ್ರೆಡ್ ಹಾಕುವವನು ಕೇಳಿದ, ಬಸ್ಸಿನ ಕಂಡಕ್ಟರ್ ಕೇಳಿದ, ಮುಖ ಪರಿಚಯವೂ ಇಲ್ಲದ ಗಿರಾಕಿಯೊಬ್ಬಳು ಚಿಲ್ಲರೆ ತೆಗೆದುಕೊಳ್ಳುತ್ತ, "ಅಯ್ಯೋ, ಏನಾಯ್ತಪ್ಪಾ ಬೆರಳಿಗೆ?" ಅಂತ ನನ್ನ ಕೈ ಹಿಡಿದು ನೋಡಿದಳು. ಒಂದೇ ವಾರದಲ್ಲಿ ಒಂಬತ್ತು ಜನ. ಅಕ್ಕ ಅದೇ ಕೌಂಟರಿನ ಹಿಂದೆ, ಅಂಥದ್ದೇ ಬೆರಳಿಟ್ಟುಕೊಂಡು, ನನ್ನ ಎದುರಿಗೇ ಮೂರು ವರ್ಷ ಕೂತಿದ್ದಳು. ಕುಂಟು ಕುರ್ಚಿಗೆ ಕಾಲು ಹೇಗೆ ಮುರೀತು ಅಂತ ವಿಚಾರಿಸುವವನು ನಾನು.

ಆ ಗಿರಾಕಿ ಹೋದ ಮೇಲೆ ಶಟರ್ ಅರ್ಧ ಎಳೆದು, ಬಂದು ಅವಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ.

"ಅಕ್ಕ, ಮೊದಲ ಸಲ ಏನಾಯ್ತು? ಮೊದಲಿಂದ ಹೇಳು."

ಅವಳು ಕೈಯಲ್ಲಿದ್ದ ಬ್ರಷ್ ಕೆಳಗಿಡದೆ ನನ್ನ ಮುಖವನ್ನೇ ನೋಡಿದಳು. "ಈಗ ಕೇಳ್ತಿದೀಯಾ?"

"ಈಗ ಕೇಳ್ತಿದೀನಿ."

ಅವಳು ಬ್ರಷ್ ಕೆಳಗಿಟ್ಟಳು. "ಹೇಳ್ದೋರಿಗೆ ಟೀ ಕೊಡಿಸ್ಬೇಕು ಅಂತ ಅಪ್ಪನ ನಿಯಮ. ಎರಡು ಮೂರು ಸಲಕ್ಕಾಗೋಷ್ಟು ತರಿಸಿಬಿಡು. ಒಂದು ಲೋಟದಲ್ಲಿ ಮುಗಿಯೋದಲ್ಲ ಇದು."